ನನಗೆ ಬಣ್ಣ ಬಳಿಯಬೇಡಿ: ವಿಕಿಟೇಬಲ್ ಜೊತೆ ಮಾತುಕತೆ

ಕನ್ನಡ ವಿಕಿಪೀಡಿಯದಲ್ಲಿ ಕೋಷ್ಟಕ ಹಾಕಿದವರಿಗೆಲ್ಲ ಈ ಹೆಸರು ಗೊತ್ತು. ವಿಕಿಟೇಬಲ್ ಒಂದು ಸ್ಟೈಲ್ ಕ್ಲಾಸ್. ಗೆರೆ ಎಷ್ಟು ದಪ್ಪ, ಹಿನ್ನೆಲೆ ಯಾವ ಬಣ್ಣ, ಅಕ್ಷರದ ಸುತ್ತ ಎಷ್ಟು ಜಾಗ ಎಂಬುದನ್ನೆಲ್ಲ ಒಂದೇ ಕಡೆ ಬರೆದಿಟ್ಟಿರುತ್ತಾರೆ. ಲೇಖನ ಬರೆಯುವವರು ಹೆಸರು ಹಿಡಿದು ಕರೆದರೆ ಸಾಕು, ಬಂದು ನಿಲ್ಲುತ್ತದೆ. ಮೂವತ್ತು ಸಾವಿರ ಲೇಖನ ದಾಟಿದ ಈ ಮನೆಯಲ್ಲಿ ಇಷ್ಟು ದುಡಿದು ಇಷ್ಟು ಕಡಿಮೆ ಹೊಗಳಿಸಿಕೊಂಡವರು ಇನ್ನೊಬ್ಬರಿಲ್ಲ. ಸಂದರ್ಶನಕ್ಕೆ ಅದೇ ಆರಿಸಿದ ಜಾಗ ಹೈದರಾಬಾದಿನ ಮೆಹದಿಪಟ್ಟಣಂ, ರೈತು ಬಜಾರಿನ ಹತ್ತಿರದ ಒಂದು ಇರಾನಿ ಹೋಟೆಲು. ತಿಳಿ ಬೂದು ಅಂಗಿ ತೊಟ್ಟು, ಮೈ ಎಲ್ಲೂ ಸೊಟ್ಟಗಾಗದಂತೆ ಕುಳಿತಿತ್ತು. ಉಸ್ಮಾನಿಯಾ ಬಿಸ್ಕತ್ತುಗಳನ್ನು ತಟ್ಟೆಯಲ್ಲಿ ಸಾಲಾಗಿ ಜೋಡಿಸಿಯೂ ಆಗಿತ್ತು.

ಪ್ರಶ್ನೆ: ಬೆಂಗಳೂರು, ಮೈಸೂರು, ಮೂಡಬಿದಿರೆ ಎಲ್ಲ ಬಿಟ್ಟು ಮೆಹದಿಪಟ್ಟಣಂ ಯಾಕೆ?

ವಿಕಿಟೇಬಲ್: ಹೊರಗೆ ನೋಡಿ. ಇಲ್ಲಿಂದ ಆರಾಂಘರ್‌ವರೆಗೆ ಪಿ.ವಿ. ನರಸಿಂಹರಾವ್ ಎಕ್ಸ್‌ಪ್ರೆಸ್‌ವೇ, 11.6 ಕಿಲೋಮೀಟರ್, 2009ರಲ್ಲಿ ತೆರೆದದ್ದು. ಕೆಳಗಿನ ಕಂಬಗಳಿಗೆಲ್ಲ ನಂಬರಿದೆ. ಅತ್ತಾಪುರದ ಕಡೆ ಬಿರಿಯಾನಿ ಹೋಟೆಲಿನವನೂ ಶಾದಿಖಾನೆಯವನೂ ವಿಳಾಸ ಹೇಳುವುದು 'ಪಿಲ್ಲರ್ ನಂಬರ್ ಇಷ್ಟು' ಎಂದೇ. ಕಂಬಕ್ಕೊಂದು ವಿನ್ಯಾಸ ಮಾಡಬೇಕೆಂದು ಯಾವ ಎಂಜಿನಿಯರಿಗೂ ಅನ್ನಿಸಲಿಲ್ಲ. ಅಚ್ಚು ಒಂದೇ, ನಂಬರು ಬೇರೆ. ಅವು ನನ್ನ ಕುಲದವು ಸ್ವಾಮಿ.

ಪ್ರಶ್ನೆ: ಆದರೆ ಕಂಬಗಳ ಮೈತುಂಬ ಕೋಚಿಂಗ್ ಸೆಂಟರಿನವರೂ ಪಾರ್ಟಿಯವರೂ ಪೋಸ್ಟರ್ ಅಂಟಿಸಿದ್ದಾರಲ್ಲ?

ವಿಕಿಟೇಬಲ್: ನನಗೂ ಅದನ್ನೇ ಮಾಡುತ್ತಾರೆ. ಅದಕ್ಕೆ ಇನ್‌ಲೈನ್ ಸ್ಟೈಲ್ ಎಂದು ಹೆಸರು. ನನ್ನ ಹೆಸರು ಬರೆದ ಮೇಲೂ ತೃಪ್ತಿಯಿಲ್ಲ. ಪಕ್ಕದಲ್ಲೇ ಸ್ಟೈಲ್ ಎಂದು ಬರೆದು ಹಿನ್ನೆಲೆ ನಿಂಬೆ ಹಳದಿ, ತಲೆಸಾಲು ಗುಲಾಬಿ, ಅಗಲ 900 ಪಿಕ್ಸೆಲ್ ಎಂದು ಅಂಟಿಸುತ್ತಾರೆ. ಆ 900 ಪಿಕ್ಸೆಲ್ ಮೊಬೈಲಿನಲ್ಲಿ ಏನಾಗುತ್ತದೆ ಗೊತ್ತೇ? ಓದುಗ ಬೆರಳಿನಿಂದ ನನ್ನನ್ನು ಎಳೆದು ಎಳೆದು, ಕೊನೆಯ ಅಂಕಣ ಸಿಗುವ ಹೊತ್ತಿಗೆ ಮೊದಲ ಅಂಕಣದಲ್ಲಿ ಏನಿತ್ತೆಂದು ಮರೆತಿರುತ್ತಾನೆ.

ಪ್ರಶ್ನೆ: ಸ್ವಲ್ಪ ಬಣ್ಣ ಇದ್ದರೆ ಪುಟ ಲಕ್ಷಣವಾಗಿ ಕಾಣುವುದಿಲ್ಲವೇ?

ವಿಕಿಟೇಬಲ್: ನಿಮ್ಮ ಒಂದು ಪುಟ ಲಕ್ಷಣವಾಗಿ ಕಾಣಬಹುದು. ವಿಧಾನಸಭಾ ಚುನಾವಣೆಯ ಪುಟಗಳನ್ನು ಸಾಲಾಗಿ ತೆರೆದು ನೋಡಿ. ಒಂದರಲ್ಲಿ ಗೆದ್ದವನ ಸಾಲು ಹಸಿರು, ಇನ್ನೊಂದರಲ್ಲಿ ಕೇಸರಿ, ಮತ್ತೊಂದರಲ್ಲಿ ಸೋತವನೇ ಹಸಿರು. ಹಸಿರೆಂದರೆ ಗೆಲುವೋ ಪಕ್ಷವೋ ಬರೆದವನ ಮೆಚ್ಚಿನ ಬಣ್ಣವೋ ಎಂದು ಓದುಗ ಊಹಿಸಬೇಕು. ನನ್ನಲ್ಲಿ ಆ ಗೊಂದಲವಿಲ್ಲ. ಈ ಬಡಾವಣೆಗೆ ಹೆಸರು ಕೊಟ್ಟ ಮೆಹದಿ ನವಾಜ್ ಜಂಗ್ 1960ರಲ್ಲಿ ಗುಜರಾತಿನ ಮೊದಲ ರಾಜ್ಯಪಾಲರಾದರು. ಆ ರಾಜ್ಯಪಾಲರ ಪಟ್ಟಿ ಮಾಡಿದರೆ ಮೊದಲ ಸಾಲಿಗೂ ಕೊನೆಯ ಸಾಲಿಗೂ ನಾನು ಕೊಡುವುದು ಅದೇ ತೆಳು ಗೆರೆ.

ಪ್ರಶ್ನೆ: ಸಮಾಜವಾದಿ!

ವಿಕಿಟೇಬಲ್: ಸೋಮಾರಿ ಎನ್ನಿ, ಒಪ್ಪುತ್ತೇನೆ. ಒಮ್ಮೆ ಬರೆದದ್ದನ್ನು ಮತ್ತೆ ಬರೆಯುವುದಿಲ್ಲ, ಅಷ್ಟೇ ನನ್ನ ಸಿದ್ಧಾಂತ.

ಪ್ರಶ್ನೆ: ನಿಮ್ಮ ಹಿರಿಯರ ಬಗ್ಗೆ ಹೇಳಿ.

ವಿಕಿಟೇಬಲ್: ಅಜ್ಜನ ಹೆಸರು ಸಿಎಸ್ಎಸ್, ವೆಬ್ ಪುಟದ ವೇಷ ಹೇಗಿರಬೇಕೆಂದು ಬರೆಯುವ ಭಾಷೆ. 1994ರ ಅಕ್ಟೋಬರಿನಲ್ಲಿ ನಾರ್ವೆಯ ಹೋಕನ್ ವಿಯುಮ್ ಲೀ ಅವರ ತಲೆಯಲ್ಲಿ ಹುಟ್ಟಿದವನು. 1996ರ ಡಿಸೆಂಬರಿನಲ್ಲಿ ವೆಬ್ಬಿನ ಮಾನದಂಡ ನಿಗದಿ ಮಾಡುವ ಡಬ್ಲ್ಯೂ3ಸಿ ಮುದ್ರೆ ಒತ್ತಿತು. ವಿಷಯ ಒಂದು ಕಡೆ, ಅದರ ವೇಷ ಇನ್ನೊಂದು ಕಡೆ ಇರಲಿ ಎಂಬುದು ಅಜ್ಜನ ವಾದ. ಮನೆಯಲ್ಲಿ ಇನ್ಫೋಬಾಕ್ಸ್ ಅಂತ ಒಬ್ಬಳು ತಂಗಿ, ಪುಟದ ಬಲಕ್ಕೆ ಫೋಟೋ ಹಿಡಿದು ನಿಲ್ಲುವವಳು. ನ್ಯಾವ್‌ಬಾಕ್ಸ್ ಅಂತ ತಮ್ಮ, ಸಂಬಂಧಪಟ್ಟ ಲೇಖನಗಳ ಕೊಂಡಿ ಹೊತ್ತು ಪುಟದ ತಳದಲ್ಲಿ ಬಿದ್ದಿರುತ್ತಾನೆ, ಮೊಬೈಲಿನವರ ಕಣ್ಣಿಗೆ ಬೀಳುವುದೂ ಇಲ್ಲ. ನನ್ನನ್ನು ಕರೆಯದೆ ಕೋಷ್ಟಕ ಹಾಕಿ ನೋಡಿ. ಗೆರೆಯೇ ಇರುವುದಿಲ್ಲ. ಅಂಕಿಗಳೆಲ್ಲ ಈ ಮೆಹದಿಪಟ್ಟಣಂ ಬಸ್ ಸ್ಟಾಪಿನ ಜನರ ಹಾಗೆ ತೋಚಿದಲ್ಲಿ ನಿಂತಿರುತ್ತವೆ.

ಪ್ರಶ್ನೆ: 2024ರಲ್ಲಿ ವಿಕಿಪೀಡಿಯಕ್ಕೆ ಡಾರ್ಕ್ ಮೋಡ್ ಬಂದಾಗ ನಿಮಗೆ ಸಂತೋಷವಾಯಿತಂತೆ.

ವಿಕಿಟೇಬಲ್: (ಚಹಾ ಕೆಳಗಿಟ್ಟು) ಸೇಡು ಎನ್ನುವುದು ಕೆಟ್ಟ ಮಾತು. ಆದರೂ ಹೇಳುತ್ತೇನೆ. ಪುಟ ಕಪ್ಪಾದಾಗ ಅಕ್ಷರ ಬೆಳ್ಳಗಾಗಬೇಕು. ನಾನು ಒಪ್ಪಿಕೊಂಡೆ, ನನ್ನ ಬಣ್ಣ ಒಂದೇ ಕಡೆ ಇತ್ತು, ಒಂದೇ ಕಡೆ ಬದಲಾಯಿತು. ಆದರೆ ಕೋಷ್ಟಕದ ಒಳಗೆ ಕೈಯಾರೆ ತಿಳಿ ಹಳದಿ ಬಳಿದಿದ್ದರಲ್ಲ, ಅವರು ಹಿನ್ನೆಲೆ ಹೇಳಿದ್ದರು, ಅಕ್ಷರದ ಬಣ್ಣ ಹೇಳಿರಲಿಲ್ಲ. ಹಳದಿ ಹಾಗೇ ಉಳಿಯಿತು, ಅಕ್ಷರ ಬೆಳ್ಳಗಾಯಿತು. ತಿಳಿ ಹಳದಿಯ ಮೇಲೆ ಬಿಳಿ! ಮಾಹಿತಿ ಎಲ್ಲ ಇದೆ, ಕಾಣುವುದಿಲ್ಲ. ಸರಿಪಡಿಸಲು ಒಂದೊಂದೇ ಪುಟಕ್ಕೆ ಹೋಗಿ ಪೋಸ್ಟರ್ ಕೀಳಬೇಕು. ಅಂಟಿಸಿದವರಲ್ಲಿ ಎಷ್ಟೋ ಜನ ಒಟ್ಟಿಗೆ ಕೂತು ಲೇಖನ ಬರೆಯುವ ಸಂಪಾದನೋತ್ಸವಕ್ಕೆ ಬಂದು ಪ್ರಮಾಣಪತ್ರ ತೆಗೆದುಕೊಂಡು ಹೋದವರು. ಕೀಳುವವರು ಬೆರಳೆಣಿಕೆ.

ಪ್ರಶ್ನೆ: ಹಾಗಾದರೆ ನಿಮ್ಮಲ್ಲಿ ದೋಷವೇ ಇಲ್ಲ?

ವಿಕಿಟೇಬಲ್: (ಸ್ವಲ್ಪ ಹೊತ್ತು ಸುಮ್ಮನಿದ್ದು) ಇದೆ. ನಮ್ಮ ಮನೆಯವರನ್ನೆಲ್ಲ ಹೊಲಿದದ್ದು ಇಂಗ್ಲಿಷಿನ ಅಳತೆಗೆ. ತಂಗಿ ಇನ್ಫೋಬಾಕ್ಸನ್ನೇ ತೆಗೆದುಕೊಳ್ಳಿ, ಇಂಗ್ಲಿಷ್ ವಿಕಿಪೀಡಿಯದಲ್ಲಿ ಅವಳ ಅಕ್ಷರದ ಗಾತ್ರ ಶೇಕಡ 88. ರೋಮನ್ ಅಕ್ಷರಕ್ಕೆ ಅದು ಸಾಕು. ಕನ್ನಡಕ್ಕೆ ತಂದಾಗ ಒತ್ತಕ್ಷರ ಇರುವೆಯಾಗುತ್ತದೆ. ಇಲ್ಲಿಂದ ಚೇವೆಳ್ಳ, ತಾಂಡೂರು ದಾಟಿ ಹೋದರೆ ಸೇಡಂ, ಆಮೇಲೆ ಮಳಖೇಡ, ರಾಷ್ಟ್ರಕೂಟರ ರಾಜಧಾನಿ. ಆ ರಾಜರದೊಂದು ಕೋಷ್ಟಕ ಮಾಡಿ, ಎಲ್ಲಿಂದಲೋ ನಕಲು ಮಾಡಿದ ಬಿಗಿ ಸಾಲಂತರ ಹಾಕಿ. 'ಷ್ಟ್ರ' ಇದೆಯಲ್ಲ, ಅದರ ಕೆಳಗೆ ಎರಡು ಒತ್ತು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಡಿಕ್ಕಿ ಹೊಡೆಯುತ್ತದೆ. ಓರೆ ಅಕ್ಷರದ ಕಥೆ ಇನ್ನೊಂದು. ಇಂಗ್ಲಿಷಿನಲ್ಲಿ ಇಟಾಲಿಕ್ ಎಂಬುದಕ್ಕೆ ಶತಮಾನಗಳ ಚರಿತ್ರೆಯಿದೆ, ಬೇರೆಯೇ ಅಚ್ಚಿದೆ. ಕನ್ನಡದ ದುಂಡು ಅಕ್ಷರವನ್ನು ಕಂಪ್ಯೂಟರು ಸುಮ್ಮನೆ ಬಲಕ್ಕೆ ನೂಕುತ್ತದೆ, ಅಷ್ಟೇ. ಆದರೂ ಪುಟದ ತಲೆಯ ಮೇಲಿನ ಟಿಪ್ಪಣಿಗಳು ಓರೆಯಾಗಿಯೇ ಬರುತ್ತವೆ, ಏಕೆಂದರೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಓರೆಯಾಗಿವೆ.

ಪ್ರಶ್ನೆ: ಇದು ಯಾರ ತಪ್ಪು?

ವಿಕಿಟೇಬಲ್: ಅವಸರದ್ದು. ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಆಮೇಲೆ ಗೂಗಲ್‌ನವರು ಅನುವಾದ ಯೋಜನೆಯೊಂದನ್ನು ನಡೆಸಿ ಭಾರತೀಯ ಭಾಷೆಗಳಿಗೆ ಉದ್ದುದ್ದ ಲೇಖನ ಸುರಿದರು, ಕನ್ನಡಕ್ಕೂ ಬಂತು. ವಾಕ್ಯಗಳ ಗುಣದ ಬಗ್ಗೆ ಬೇಕಾದಷ್ಟು ಜಗಳವಾಗಿದೆ, ನಾನು ಬಾಯಿ ಹಾಕುವುದಿಲ್ಲ. ನನ್ನ ದೂರು ಬೇರೆ. ಲೇಖನದ ಜೊತೆ ಟೆಂಪ್ಲೇಟಿನ, ಅಂದರೆ ಹಲವು ಪುಟಗಳು ಕರೆದು ಬಳಸುವ ಸಿದ್ಧ ತುಣುಕಿನ, ಹೆಸರು ಬಂತು; ಟೆಂಪ್ಲೇಟು ಬರಲಿಲ್ಲ. ಇಂದಿಗೂ ಅದೇ ಚಾಳಿ. ಇಂಗ್ಲಿಷಿನಿಂದ ಒಂದು ಇನ್ಫೋಬಾಕ್ಸ್ ಎತ್ತಿಕೊಂಡು ಬರುತ್ತಾರೆ; ಅದನ್ನು ನಡೆಸುವ ಕೋಡ್ ಇರುವ ಮಾಡ್ಯೂಲನ್ನು ಅಲ್ಲೇ ಬಿಡುತ್ತಾರೆ, ಸ್ಟೈಲ್ ಹಾಳೆಯನ್ನೂ ಬಿಡುತ್ತಾರೆ. ಓದುಗನಿಗೆ ಕಾಣುವುದು ಕೆಂಪು ಬಣ್ಣದ ಸ್ಕ್ರಿಪ್ಟ್ ದೋಷ. ಟೆಂಪ್ಲೇಟು ಬಳಸುವುದು ಹೇಗೆಂದು ತಿಳಿಸುವ ಪುಟವೋ, ಇಡಿಯಾಗಿ ಇಂಗ್ಲಿಷಿನಲ್ಲೇ ಬಂದು ಕೂತಿರುತ್ತದೆ. ಕನ್ನಡದಲ್ಲಿ ಬರೆಯಬಂದ ಹೊಸಬನಿಗೆ ಕನ್ನಡದಲ್ಲಿ ಬರೆಯುವುದು ಹೇಗೆಂದು ಇಂಗ್ಲಿಷಿನಲ್ಲಿ ಪಾಠ!

ಪ್ರಶ್ನೆ: ಪಕ್ಕದ ತೆಲುಗಿನವರು ಹೇಗೆ?

ವಿಕಿಟೇಬಲ್: ಅಲ್ಲೂ ನಾನೇ ದುಡಿಯುವುದು, ಪಕ್ಷಪಾತ ಮಾಡುವುದಿಲ್ಲ. ಇಲ್ಲಿಂದ ಆಚೆ ಗಚ್ಚಿಬೌಲಿಯ ಐಐಐಟಿಯವರು ತೆಲುಗು ವಿಕಿಪೀಡಿಯವನ್ನು ಬೆಳೆಸಲು ಒಂದು ಯೋಜನೆ ಹಾಕಿಕೊಂಡಿದ್ದರು, ದತ್ತಾಂಶದಿಂದ ಯಂತ್ರವೇ ಲೇಖನ ಹೆಣೆಯುವಂಥದ್ದು. ಆ ಲೇಖನಗಳಲ್ಲಿ ಜೀವವಿದೆಯೇ ಎಂದು ಸಾಹಿತಿಗಳು ಕೇಳಬಹುದು. ನಾನು ಕೇಳುವುದಿಲ್ಲ. ಯಂತ್ರಕ್ಕೆ ಗುಲಾಬಿ ಬಣ್ಣದ ಹುಚ್ಚಿಲ್ಲ.

ಪ್ರಶ್ನೆ: ಸರಿ, ಎಲ್ಲರೂ ಒಂದೇ ಅಚ್ಚು ಬಳಸಬೇಕು ಅನ್ನುತ್ತೀರಿ. ಆ ಅಚ್ಚನ್ನು ತಿದ್ದುವ ಹಕ್ಕು ಯಾರಿಗಿದೆ?

ವಿಕಿಟೇಬಲ್: ಚುಚ್ಚಿದಿರಿ. ಇಡೀ ತಾಣದ ಸ್ಟೈಲ್ ಹಾಳೆ ಇರುವುದು ಕಾಮನ್ ಡಾಟ್ ಸಿಎಸ್ಎಸ್ ಎಂಬ ಪುಟದಲ್ಲಿ. ಹೆಸರಿಗೆ ಕಾಮನ್, ಕೈ ಹಾಕುವಂತಿಲ್ಲ. ಮೊದಲು ನಿರ್ವಾಹಕರೆಲ್ಲ ತಿದ್ದಬಹುದಿತ್ತು. 2018ರ ಆಗಸ್ಟಿನಿಂದ ಇಂಟರ್‌ಫೇಸ್ ಅಡ್ಮಿನ್ ಎಂಬ ಪ್ರತ್ಯೇಕ ಹಕ್ಕು ಬೇಕು. ತಪ್ಪೆನ್ನಲಾರೆ. ಅಲ್ಲಿ ಒಂದು ಅಲ್ಪವಿರಾಮ ತಪ್ಪಿದರೆ ಎಲ್ಲ ಪುಟದ ಮೋರೆ ಒಟ್ಟಿಗೆ ಕೆಡುತ್ತದೆ, ಕಳ್ಳರ ಕೈಗೆ ಸಿಕ್ಕರಂತೂ ಕೇಳುವುದೇ ಬೇಡ. ಆದರೆ ದೊಡ್ಡ ವಿಕಿಗಳಿಗೆ ಹೊಂದುವ ನಿಯಮ ಚಿಕ್ಕ ವಿಕಿಗೆ ಬಂದಾಗ ಬೀಗ ಇದೆ, ಕೀಲಿಕೈ ಯಾರ ಹತ್ತಿರ ಎಂದು ಹುಡುಕುವಂತಾಗುತ್ತದೆ.

ಪ್ರಶ್ನೆ: ಅದಕ್ಕೇ ಜನ ಬೇಸತ್ತು ತಮ್ಮ ಪುಟಕ್ಕೆ ತಾವೇ ಬಣ್ಣ ಬಳಿಯುತ್ತಾರೆ ಅನ್ನಿ.

ವಿಕಿಟೇಬಲ್: ಅಲ್ಲಿಗೆ ನಾನು ಅರ್ಧ ಸೋತೆ. ಆದರೆ ನಡುವೆ ಒಂದು ದಾರಿಯಿದೆ, ತುಳಿಯುವವರು ಕಡಿಮೆ. ಟೆಂಪ್ಲೇಟ್ ಸ್ಟೈಲ್ಸ್ ಎಂಬ ಸೌಲಭ್ಯ ಬಂದು ವರ್ಷಗಳಾದವು. ಟೆಂಪ್ಲೇಟಿನ ಉಪಪುಟದಲ್ಲಿ ಅದರದೇ ಸ್ಟೈಲ್ ಹಾಳೆ ಇಡಬಹುದು. ಅದಕ್ಕೆ ಅಡ್ಮಿನ್ ಆಗಬೇಕಿಲ್ಲ, ಅಪಾಯಕಾರಿ ಸಾಲುಗಳನ್ನು ತಂತ್ರಾಂಶವೇ ಸೋಸುತ್ತದೆ. ಅಂದರೆ ಇನ್ಫೋಬಾಕ್ಸಿನ 88ನ್ನು ಕನ್ನಡದ ಕಣ್ಣಿಗೆ ಹೊಂದುವಷ್ಟು ದೊಡ್ಡದು ಮಾಡಲು, ಸಾಲಂತರ ಸಡಿಲಿಸಲು ಒಬ್ಬ ಉತ್ಸಾಹಿ ವಿದ್ಯಾರ್ಥಿ ಸಾಕು. ಪ್ರಯೋಗಪುಟದಲ್ಲಿ 'ರಾಷ್ಟ್ರಕೂಟ' ಎಂದು ಬರೆದು ಮೊಬೈಲಿನಲ್ಲಿ ನೋಡಿ, ಸರಿಯಿದ್ದರೆ ದಾಟಿಸಿದರಾಯಿತು. ಒಂದು ಕಡೆ ತಿದ್ದಿದರೆ ಆ ಟೆಂಪ್ಲೇಟು ಕರೆದ ಪುಟಗಳೆಲ್ಲ ತಿದ್ದಿಕೊಳ್ಳುತ್ತವೆ. ಆದರೆ ಸಂಪಾದನೋತ್ಸವದಲ್ಲಿ ಎಣಿಸುವುದು ಎಷ್ಟು ಹೊಸ ಲೇಖನ, ಎಷ್ಟು ಬೈಟ್ ಎಂದು. ಸಾವಿರ ಪುಟದ ಒತ್ತಕ್ಷರ ಕಾಣುವಂತೆ ಮಾಡಿದವನಿಗೆ ಬಹುಮಾನ ಕೊಟ್ಟದ್ದು ನಾನಂತೂ ಕಂಡಿಲ್ಲ.

ಪ್ರಶ್ನೆ: ಓದುಗರಿಗೆ ಕೊನೆಯದಾಗಿ ಏನಾದರೂ?

ವಿಕಿಟೇಬಲ್: ತೆಲುಗಿನವರಿಗೆ ರಚ್ಚಬಂಡ ಇರುವ ಹಾಗೆ ಕನ್ನಡ ವಿಕಿಪೀಡಿಯದಲ್ಲಿ ಅರಳಿ ಕಟ್ಟೆ ಎಂಬ ಚರ್ಚೆಯ ಪುಟವಿದೆ. ಅಲ್ಲಿ ಮಾತಾಡಲು ಯಾವ ಹಕ್ಕೂ ಬೇಕಿಲ್ಲ. ಯಾವ ಪುಟದಲ್ಲಾದರೂ ಒತ್ತು ಒತ್ತಿಗೆ ತಾಗಿದ್ದರೆ, ಹಳದಿಯ ಮೇಲೆ ಬಿಳಿ ಅಕ್ಷರ ಕುಳಿತಿದ್ದರೆ, ಆ ಪುಟದ ಹೆಸರು ಮತ್ತು ನಿಮ್ಮ ಫೋನಿನಲ್ಲಿ ಕಂಡದ್ದನ್ನು ಅಲ್ಲಿ ಬರೆಯಿರಿ. ನೀವೇ ಬಣ್ಣ ಬಳಿದು ಸರಿಪಡಿಸಲು ಮಾತ್ರ ದಯವಿಟ್ಟು ಹೋಗಬೇಡಿ.