ಎದೆಯೊಳಗಿನ ಯಂತ್ರ: ಬಳಕೆದಾರರ ಕೈಪಿಡಿ

ಬಳಸುವ ಮೊದಲು

ಈ ಯಂತ್ರವನ್ನು ನೀವು ಕೊಂಡಿದ್ದಲ್ಲ, ಆದ್ದರಿಂದ ‘ಕೊಂಡಿದ್ದಕ್ಕೆ ಧನ್ಯವಾದಗಳು’ ಎಂದು ಶುರು ಮಾಡುವಂತಿಲ್ಲ. ಹುಟ್ಟುವಾಗಲೇ ಒಳಗೆ ಕೂರಿಸಿ ಕಳಿಸಿದ್ದಾರೆ. ಬಿಲ್ಲಿಲ್ಲ, ಡಬ್ಬಿ ಇಲ್ಲ, ಆಫ್ ಮಾಡುವ ಸ್ವಿಚ್ಚಂತೂ ಇಲ್ಲವೇ ಇಲ್ಲ. ಮಿದುಳಿನೊಳಗೆ ಬಾದಾಮಿ ಬೀಜದಷ್ಟಿರುವ ಅಮಿಗ್ಡಲಾ ಇದರ ಗಂಟೆ. ಅಪಾಯದ ಸುಳಿವು ಸಿಕ್ಕರೆ ಸಾಕು, ನೀವು ಯೋಚಿಸುವ ಮುಂಚೆಯೇ ಬಾರಿಸುತ್ತದೆ. ಎದೆ ಡವಡವ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಕಾಲು ಓಡುವುದಕ್ಕೆ ಸಿದ್ಧವಾಗುತ್ತದೆ. ಅಪಾಯ ಹೋದ ಮೇಲೆ ತಾನಾಗಿಯೇ ಸುಮ್ಮನಾಗಬೇಕು. ಹೆಚ್ಚಿನವರಲ್ಲಿ ಆಗುತ್ತದೆ. ಆಗದವರಿಗೆ ಈ ಕೈಪಿಡಿ.

ನಮ್ಮ ಕಡೆ ಯಂತ್ರ ಅಂದರೆ ಬೆಚ್ಚಿಬಿದ್ದ ಮಗುವಿನ ಕೊರಳಿಗೆ ಕಟ್ಟುವ ತಾಮ್ರದ ತಾಯತವೂ ಹೌದು. ಅಂಥದ್ದೊಂದನ್ನು ಅಮ್ಮ ಅರಸೀಕೆರೆಯಿಂದ ನ್ಯೂಜಿಲೆಂಡಿನವರೆಗೆ ತಂದಿದ್ದಳು. ಬೀಜ, ಬೇರು, ಮಣ್ಣು ಅಂತ ಚೀಲವೆಲ್ಲ ಜಾಲಾಡುವ ಆ ದೇಶದ ವಿಮಾನ ನಿಲ್ದಾಣದಲ್ಲಿ ತಾಯತವನ್ನು ಯಾರೂ ಕೇಳಲಿಲ್ಲ. ಒಂದು ಯಂತ್ರ ಕೆಟ್ಟರೆ ಇನ್ನೊಂದನ್ನು ಕಟ್ಟುವುದು ಅವಳ ಲೆಕ್ಕ. ಈ ಕೈಪಿಡಿ ಮೊದಲನೆಯದರದ್ದು.

ಮಾದರಿಯ ಹೆಸರು ಆಗಾಗ ಬದಲಾಗಿದೆ. ಮೊದಲ ಮಹಾಯುದ್ಧದಲ್ಲಿ ಶೆಲ್ ಶಾಕ್ ಅಂದರು. 1980ರಲ್ಲಿ ಅಮೆರಿಕದ ಮನೋವೈದ್ಯರು ತಮ್ಮ ಕೈಪಿಡಿಯ ಮೂರನೆಯ ಆವೃತ್ತಿಯಲ್ಲಿ ಪಿಟಿಎಸ್‌ಡಿ ಎಂದು ಬರೆದುಕೊಂಡರು. ಕನ್ನಡದಲ್ಲಿ ‘ಆಘಾತೋತ್ತರ ಒತ್ತಡ’ ಅನ್ನುತ್ತಾರೆ. ಆಘಾತವೇನೋ ಸರಿ, ಅದರಲ್ಲಿ ಉತ್ತರ ಎಲ್ಲಿದೆ ಎಂದು ನಾನು ಬಹಳ ದಿನ ಹುಡುಕಿದ್ದೇನೆ.

ಅಳವಡಿಕೆ

ನಮ್ಮ ಮನೆಯ ಯಂತ್ರಗಳು ಚಾಲೂ ಆದದ್ದು ಕ್ರೈಸ್ಟ್‌ಚರ್ಚ್‌ನಲ್ಲಿ. 2010ರ ಸೆಪ್ಟೆಂಬರ್ 4, ಶನಿವಾರ, ಬೆಳಗಿನ ಜಾವ 4:35. ಊರಿನ ಪಶ್ಚಿಮಕ್ಕೆ ಡಾರ್‌ಫೀಲ್ಡ್ ಬಳಿ ನೆಲ ಬಿರಿದು 7.1ರ ಭೂಕಂಪ. ಕಟ್ಟಡದಡಿ ಸಿಕ್ಕಿ ಯಾರೂ ಸಾಯಲಿಲ್ಲ, ಊರು ಬೀಗಿತು. ಅದು ಟ್ರಯಲ್ ರನ್.

ಅಸಲು ಬಂದದ್ದು 2011ರ ಫೆಬ್ರವರಿ 22, ಮಂಗಳವಾರ ಮಧ್ಯಾಹ್ನ 12:51ಕ್ಕೆ. ಅಳತೆಯಲ್ಲಿ ಚಿಕ್ಕದು, 6.3. ಆದರೆ ಊರಿನ ಪಕ್ಕದಲ್ಲೇ, ಬರೀ ಐದು ಕಿಲೋಮೀಟರ್ ಆಳದಲ್ಲಿ. ಹೀತ್‌ಕೋಟ್ ಕಣಿವೆಯಲ್ಲಿ ನೆಲ ಮೇಲಕ್ಕೆ ಎಗರಿದ ವೇಗೋತ್ಕರ್ಷ ಗುರುತ್ವದ ಎರಡು ಪಟ್ಟಿಗೂ ಹೆಚ್ಚು. ಅಂದರೆ ನೆಲ ಜನರನ್ನು ಅಲುಗಾಡಿಸಲಿಲ್ಲ, ತೂರಿತು. ಸತ್ತವರು 185. ಅದರಲ್ಲಿ 115 ಮಂದಿ ಸಿಟಿವಿ ಎಂಬ ಒಂದೇ ಕಟ್ಟಡದಲ್ಲಿ. ಇಂಗ್ಲಿಷ್ ಕಲಿಯಲು ಜಪಾನ್, ಚೀನಾ, ಫಿಲಿಪೀನ್ಸ್‌ನಿಂದ ಬಂದಿದ್ದವರೇ ಬಹಳ.

ಆ ಹೊತ್ತಿಗೆ ಅಮ್ಮ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ನಾನು ರಜೆ ಹಾಕಿ ಮನೆಯಲ್ಲೇ ಇದ್ದೆ. ಮೊದಲು ಸದ್ದು, ಲಾರಿಯೊಂದು ಗೋಡೆಯೊಳಗೇ ಬಂದ ಹಾಗೆ. ಆಮೇಲೆ ಬೀರುವಿನ ಬಾಗಿಲುಗಳೆಲ್ಲ ಒಟ್ಟಿಗೆ ತೆರೆದು, ಗಾಜಿನ ಬಾಟಲಿಗಳು ಸಾಲಾಗಿ ಕೆಳಗೆ. ಮೆಂತ್ಯ, ಅರಿಸಿನ, ಎಣ್ಣೆ, ಅದರ ಮೇಲೆ ಒಂದು ಡಬ್ಬಿ ಪೂರ್ತಿ ಇಂಗು. ನಿಂತ ಮೇಲೆ ನೋಡಿದರೆ ಅಮ್ಮ ಒಂದು ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದಿದ್ದಾಳೆ (ಹಿಡಿಯಬಾರದು, ಮೇಜಿನಡಿ ಸೇರಬೇಕು), ಇನ್ನೊಂದರಲ್ಲಿ ಸೌಟು. “ಯಾರೋ ಮೊರದಲ್ಲಿ ಹಾಕಿ ಕೇರಿದ ಹಾಗಾಯ್ತು ಕಣೋ,” ಅಂದಳು. “ನಾವೇ ಜೊಳ್ಳು.”

ಮಗ ಶಾಲೆಯಲ್ಲಿ ಡೆಸ್ಕಿನ ಕೆಳಗೆ ಆಮೆಯ ಹಾಗೆ ಮುದುರಿಕೊಂಡಿದ್ದನಂತೆ. ಅಲ್ಲಿ ಮಕ್ಕಳಿಗೆ ಕಲಿಸುವುದು ಹಾಗೇ. ಕೂರ್ಮಾವತಾರ ಅಂತ ಅಮ್ಮ ಸಮಾಧಾನಪಟ್ಟು, ಅಂದು ಸಂಜೆಯೇ ತಾಯತ ಕಟ್ಟಿದಳು. ಆರು ವರ್ಷದವನು ಒಂದು ವಾರದಲ್ಲಿ ಅದನ್ನು ಕಳೆದುಕೊಂಡು ಮೊದಲಿನಂತಾದ. ಕೆಟ್ಟದ್ದು ನಮ್ಮ ಯಂತ್ರಗಳು.

ದೋಷ ಪತ್ತೆ

ಯಂತ್ರ ಕೆಟ್ಟಿದೆ ಎಂದು ತಿಳಿಯುವುದು ಹೇಗೆ? ಮೊದಲ ಒಂದು ತಿಂಗಳು ತಿಳಿಯುವುದೇ ಇಲ್ಲ. ನಿದ್ದೆ ಬಾರದಿರುವುದು, ಸಣ್ಣ ಸದ್ದಿಗೆ ಹಾರಿಬೀಳುವುದು, ಕಣ್ಣು ಮುಚ್ಚಿದರೆ ಅದೇ ಕಾಣುವುದು, ಇವೆಲ್ಲ ಆಗ ಸಹಜ ಕೆಲಸ. ತಿಂಗಳು ದಾಟಿದ ಮೇಲೂ ನಿಲ್ಲದೆ, ಮನುಷ್ಯ ಕೆಲಸಕ್ಕೆ ಬಾರದವನಾದರೆ ವೈದ್ಯರು ಪಿಟಿಎಸ್‌ಡಿ ಎಂಬ ಆ ಹೆಸರು ಬರೆಯುತ್ತಾರೆ. ಆದರೆ ಕ್ರೈಸ್ಟ್‌ಚರ್ಚ್‌ನಲ್ಲಿ ತಿಂಗಳು ಎಣಿಸುವುದು ಯಾವಾಗಿನಿಂದ? ಜೂನ್ 13ರಂದು ಮತ್ತೆ ದೊಡ್ಡದು, ಡಿಸೆಂಬರ್ 23ರಂದು ಮತ್ತೆ. ಸಣ್ಣಪುಟ್ಟವು ಸೇರಿ ಕೆಲವೇ ವರ್ಷಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಕಂಪನಗಳು. ಬೆಂಕಿ ಆರದ ಮನೆಯಲ್ಲಿ ಗಂಟೆ ಯಾಕೆ ನಿಲ್ಲುತ್ತಿಲ್ಲ ಎಂದು ಗಂಟೆಯನ್ನು ಬೈದರೆ?

ನನ್ನ ದೋಷ ಇಂಗಿನಲ್ಲಿತ್ತು. ಒಡೆದ ಡಬ್ಬಿಯ ವಾಸನೆ ನೆಲದ ಸಂದಿಯಲ್ಲಿ ವಾರಗಟ್ಟಲೆ ನಿಂತಿತು. ಆಮೇಲೆ ಎಲ್ಲಿ ಇಂಗಿನ ಒಗ್ಗರಣೆ ಚುಂಯ್ ಎಂದರೂ ಕಾಲು ಮೇಜಿನಡಿ ಹುಡುಕುತ್ತಿತ್ತು. ಗಣಪತಿ ಹಬ್ಬಕ್ಕೆ ಕನ್ನಡದ ಸ್ನೇಹಿತರೊಬ್ಬರ ಮನೆಯಲ್ಲಿ ಊಟದ ಮಧ್ಯೆ ಎದ್ದು ಹೊರಗೆ ಬಂದು ನಿಂತೆ. ಇಂಗು ತಿಂದ ಮಂಗ ಅನ್ನುತ್ತಾರಲ್ಲ, ನಾನು ತಿನ್ನದೆಯೇ ಆದೆ. ಎಂಟು ತಿಂಗಳು ನಮ್ಮ ಮನೆಯಲ್ಲಿ ಇಂಗಿಲ್ಲದ ಸಾರು. ಹೆಂಡತಿ ಏನೂ ಅನ್ನಲಿಲ್ಲ, ಬೆಳ್ಳುಳ್ಳಿ ಹಾಕಿದಳು.

ಯಂತ್ರದ ಒಂದು ತಯಾರಿಕಾ ದೋಷವನ್ನು ಇಲ್ಲಿ ಹೇಳಬೇಕು. ಅದು ಎಲ್ಲವನ್ನೂ ರೆಕಾರ್ಡ್ ಮಾಡುತ್ತದೆ, ಆದರೆ ವಿಪರೀತ ಹೆದರಿದ ಹೊತ್ತಿನಲ್ಲಿ ತಾರೀಖು ಹಾಕುವುದನ್ನು ಮರೆಯುತ್ತದೆ. ಹಾಗಾಗಿ ಆ ನೆನಪು ಹಳೆಯದಾಗಿ ಬರುವುದಿಲ್ಲ, ಈಗ ನಡೆಯುತ್ತಿರುವುದಾಗಿಯೇ ಬರುತ್ತದೆ.

ಎಷ್ಟು ಯಂತ್ರಗಳು ಕೆಟ್ಟವು ಎಂಬುದಕ್ಕೆ ಕ್ರೈಸ್ಟ್‌ಚರ್ಚ್‌ನಲ್ಲಿ ಬೇರೆಲ್ಲೂ ಇಲ್ಲದ ಒಂದು ಜಾತಕ ಸಿಕ್ಕಿತು. 1977ರಲ್ಲಿ ಆ ಊರಿನಲ್ಲಿ ಹುಟ್ಟಿದ 1265 ಮಕ್ಕಳನ್ನು ಹುಟ್ಟಿನಿಂದ ಸಂಶೋಧಕರು ಬೆನ್ನುಹತ್ತಿದ್ದರು: ಮನೆ, ಓದು, ಮನಸ್ಸು, ಕುಡಿತ, ಎಲ್ಲ ಬರೆದಿಟ್ಟಿದ್ದರು. ಭೂಕಂಪದ ಹೊತ್ತಿಗೆ ಅವರಲ್ಲಿ ಕೆಲವರು ಊರಲ್ಲೇ, ಉಳಿದವರು ಬೇರೆ ಕಡೆ. ಡೇವಿಡ್ ಫರ್ಗುಸನ್ ಮತ್ತು ಸಂಗಡಿಗರು 2014ರಲ್ಲಿ ಎರಡೂ ಗುಂಪನ್ನು ಹೋಲಿಸಿ ಬರೆದರು. ಭೂಕಂಪಕ್ಕೆ ಹೆಚ್ಚು ಸಿಕ್ಕವರಲ್ಲಿ ಮಾನಸಿಕ ಕಾಯಿಲೆ, ಸಿಗದವರಿಗಿಂತ 1.4 ಪಟ್ಟು. ಈ ಅಂಕಿಯನ್ನು ಓದುವುದು ನಿಮ್ಮ ಸ್ವಭಾವಕ್ಕೆ ಬಿಟ್ಟದ್ದು. ಇಷ್ಟೊಂದಾ ಅನ್ನಬಹುದು, ಇಷ್ಟೇನಾ ಅನ್ನಬಹುದು. ನಾನು ಎರಡನೆಯ ಗುಂಪು. ಆಪತ್ತು ಬಡಿದ ಮೇಲೆ ಅಳೆಯಲು ಹೊರಡುವ ಅಧ್ಯಯನಗಳಿಗೆ ಮೊದಲು ಹೇಗಿದ್ದರು ಎಂಬುದು ಗೊತ್ತಿರುವುದಿಲ್ಲ. ಇಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷದ ಬರಹ ಇತ್ತು.

ಮಾಡಬಾರದ್ದು

ಬಿಚ್ಚಿ ನೋಡಬೇಡಿ. ಆಪತ್ತಾದ ಕೂಡಲೇ ಎಲ್ಲರನ್ನೂ ಸುತ್ತ ಕೂರಿಸಿ ‘ಏನಾಯ್ತು, ಹೇಗನ್ನಿಸಿತು, ಒಂದೂ ಬಿಡದೆ ಹೇಳಿ’ ಎಂದು ಒಂದೇ ಸಲ ಕಕ್ಕಿಸುವ ಪದ್ಧತಿ ಇತ್ತು. 1983ರಲ್ಲಿ ಜೆಫ್ರಿ ಮಿಚೆಲ್ ಎಂಬ ಅಮೆರಿಕನ್ ರೂಪಿಸಿದ್ದು, ಡೀಬ್ರೀಫಿಂಗ್ ಅಂತ ಹೆಸರು. ಕೇಳಿದರೆ ಸರಿಯೇ ಅನ್ನಿಸುತ್ತದೆ. ಆದರೆ 2002ರ ಕಾಕ್ರೇನ್ ಪರಾಮರ್ಶೆ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ, ಇದರಿಂದ ಪಿಟಿಎಸ್‌ಡಿ ತಪ್ಪುವುದಿಲ್ಲ, ಕೆಲವರಿಗೆ ಕೆಡುಕೂ ಆಗಬಹುದು ಎಂದಿತು.

ಈ ಸುದ್ದಿ ಅರಸೀಕೆರೆಗೆ ತಲುಪಿರಲಿಲ್ಲ. ಫೋನಿನ ಲೈನ್ ಬಂದ ಕ್ಷಣದಿಂದ ದೊಡ್ಡಪ್ಪ, ಚಿಕ್ಕಮ್ಮ, ಭಾವ, ಭಾವನ ಷಡ್ಡಕ. “ಟಿವೀಲಿ ನೋಡಿದ್ವಿ. ಚರ್ಚ್ ಬಿತ್ತಂತೆ? ನೀವೆಲ್ಲಿದ್ರಿ? ಮೊದ್ಲಿಂದ ಹೇಳು.” ಒಂದೇ ದಿನ ಮೊದಲಿಂದ ಹೇಳಿದೆ ಹತ್ತು ಸಲ. ಪ್ರೀತಿಯಿಂದಲೇ ಕೇಳಿದರು, ಅದರಲ್ಲಿ ಅನುಮಾನವಿಲ್ಲ. ಎದುರುಮನೆಯ ವೃದ್ಧೆ ಮಾತ್ರ ಏನನ್ನೂ ಕೇಳಲಿಲ್ಲ. ನೀರಿನ ಕ್ಯಾನ್ ತಂದಿಟ್ಟು, ತನ್ನ ಬಿದ್ದ ಚಿಮಣಿಯನ್ನು ತೋರಿಸಿ ‘ಮಂಟೆಡ್’ ಅಂದಳು. ಕೆಟ್ಟು ಕೆರ ಹಿಡಿಯಿತು ಅನ್ನುವುದಕ್ಕೆ ಅಲ್ಲಿನವರ ಮಾತು. ವಿಶ್ವ ಆರೋಗ್ಯ ಸಂಸ್ಥೆ ಅದೇ 2011ರಲ್ಲಿ ಮಾನಸಿಕ ಪ್ರಥಮ ಚಿಕಿತ್ಸೆಗೆ ಹೊರತಂದ ಪುಸ್ತಕದ ಸಾರವೂ ಇದೇ: ನೋಡು, ಕೇಳಿಸಿಕೋ, ಬೇಕಾದ್ದಕ್ಕೆ ಜೋಡಿಸು. ಆಕೆ ಓದಿರಲಾರಳು.

ವಾರಂಟಿ

ಈ ಭಾಗವನ್ನು ಭೂತಗನ್ನಡಿ ಹಿಡಿದು ಓದಿ. ನ್ಯೂಜಿಲೆಂಡ್‌ನಲ್ಲಿ 1974ರಿಂದ ಎಸಿಸಿ ಎಂಬ ವ್ಯವಸ್ಥೆ ಇದೆ. ಯಾರ ತಪ್ಪಾದರೂ ಸರಿ, ಅಪಘಾತದಲ್ಲಿ ಗಾಯವಾದರೆ ಸರ್ಕಾರವೇ ನೋಡಿಕೊಳ್ಳುತ್ತದೆ. ಪ್ರವಾಸಕ್ಕೆ ಬಂದವರಿಗೂ ಉಂಟು. ಜಗತ್ತಿಗೆ ಹೇಳಿಕೊಳ್ಳುವಂಥ ಕಾನೂನು. ಮನಸ್ಸಿನ ಗಾಯಕ್ಕೆ? ಕೊಡುತ್ತದೆ, ಅದು ಮೈಯ ಗಾಯದ ಬೆನ್ನಿಗೆ ಬಂದಿದ್ದರೆ. ಲೈಂಗಿಕ ದೌರ್ಜನ್ಯಕ್ಕೆ ಬೇರೆ ದಾರಿ ಇದೆ; 2008ರಿಂದ ಕೆಲಸದ ಜಾಗದಲ್ಲಿ ಭೀಕರವಾದುದನ್ನು ಕಣ್ಣಾರೆ ಕಂಡವರಿಗೂ ಇದೆ. ಉಳಿದವರು ವಾರಂಟಿ ಬೇಕಿದ್ದರೆ ಮೊದಲು ಒಂದು ಮೂಳೆ ಮುರಿದುಕೊಳ್ಳತಕ್ಕದ್ದು. ಅಮ್ಮನಿಗೆ ವಿವರಿಸಿದೆ. ಸೌಟು ಕಾಲ ಮೇಲೆ ಬಿದ್ದಿದ್ದನ್ನು ತೋರಿಸಬಹುದಾ ಎಂದು ಕೇಳಿದಳು.

ಮನೆಯ ಗೋಡೆಗಳದ್ದು ಇನ್ನೊಂದು ಪುರಾಣ. ಆಗ ಒಂದೊಂದು ಕಂಪನಕ್ಕೆ ಮನೆಯೊಂದಕ್ಕೆ 1 ಲಕ್ಷ ಡಾಲರ್‌ವರೆಗೆ ಸರ್ಕಾರಿ ಭೂಕಂಪ ಆಯೋಗ, ಅದರಾಚೆಗೆ ಖಾಸಗಿ ವಿಮೆ. ಹಾಗಾಗಿ ಯಾವ ಬಿರುಕು ಯಾವ ಕಂಪನದ ಕೂಸು ಎಂದು ಕುಲ ಹುಡುಕಬೇಕಿತ್ತು. ನಮ್ಮಲ್ಲಿಗೆ ಬಂದ ಪರಿಶೀಲಕನೊಬ್ಬ ಟಾರ್ಚ್ ಬಿಟ್ಟು, ಇದು ಸೆಪ್ಟೆಂಬರಿನದೋ ಫೆಬ್ರವರಿಯದೋ ಎಂದು ಕೇಳಿದ. “ಬಿರುಕಿಗೆ ನಾಮಕರಣ ಮಾಡ್ಸಿರಲಿಲ್ಲ ಅಂತ ಹೇಳೋ,” ಅಂದಳು ಅಮ್ಮ. ನಾನು ಅನುವಾದಿಸಲಿಲ್ಲ. ಸುಮಾರು 8000 ಮನೆಗಳನ್ನು ‘ಕೆಂಪು ವಲಯ’ ಎಂದು ಸರ್ಕಾರ ಕೊಂಡು ಕೆಡವಿಸಿತು. ಉಳಿದವರಲ್ಲಿ ಅನೇಕರು ಫೈಲು ಹಿಡಿದು ವರ್ಷಗಟ್ಟಲೆ ಕಾದರು. ಆ ಊರಿನ ಮನಸ್ಸನ್ನು ಅಳೆದವರು ಮತ್ತೆ ಮತ್ತೆ ಕಂಡದ್ದು ಇದನ್ನೇ. ಅರ್ಧ ನಿಮಿಷವೂ ಇರದ ಕಂಪನದಷ್ಟೇ, ಅದರ ಹಿಂದೆ ಬಂದ ಕಾಗದಪತ್ರವೂ ಜನರನ್ನು ಸವೆಸಿತು. ನೆಲ ನಡುಗಿದಾಗ ನಾನು ಅತ್ತಿರಲಿಲ್ಲ. ಒಂದು ಫಾರಂ ಮೂರನೆಯ ಸಲ ವಾಪಸ್ ಬಂದ ದಿನ ಅತ್ತೆ.

ದುರಸ್ತಿ

2013ರಲ್ಲಿ ಊರಿನ ಬಸ್‌ಸ್ಟಾಪುಗಳಲ್ಲಿ ‘ಆಲ್ ರೈಟ್?’ ಎಂಬ ಪೋಸ್ಟರುಗಳು ಬಂದವು. ಅಲ್ಲಿನ ಆರೋಗ್ಯ ಮಂಡಳಿ, ಮಾನಸಿಕ ಆರೋಗ್ಯ ಪ್ರತಿಷ್ಠಾನ ಸೇರಿ ಮಾಡಿದ್ದು. ನಮ್ಮ ಕಂಡಕ್ಟರುಗಳು ‘ರೈಟ್ ರೈಟ್’ ಅಂದರೆ ಗಾಡಿ ಹೊರಡಬೇಕು, ಪ್ರಶ್ನೆಯೇ ಇಲ್ಲ. ಇಲ್ಲಿ ಆ ಪ್ರಶ್ನಾರ್ಥಕ ಚಿಹ್ನೆಯೇ ಜೀವ. ಸಿಟ್ಟು ಬಂದರೆ, ಸುಸ್ತಾದರೆ ಅದೂ ಸರಿಯೇ ಎಂದು ಗೋಡೆ ಮೇಲೆ ಬರೆದಿದ್ದನ್ನು ಓದಿ ನಾನು ಬಸ್ಸು ತಪ್ಪಿಸಿಕೊಂಡದ್ದುಂಟು.

ಮಾತ್ರೆಯ ದಾರಿಯನ್ನೂ ಹುಡುಕಿದರು. ಕ್ಯಾಂಟರ್ಬರಿ ವಿಶ್ವವಿದ್ಯಾಲಯದ ಜೂಲಿಯಾ ರಕ್ಲಿಡ್ಜ್ 91 ಜನರಿಗೆ ವಿಟಮಿನ್, ಖನಿಜಗಳ ಮಾತ್ರೆ ಕೊಟ್ಟು ನೋಡಿದರು. ನಾಲ್ಕು ವಾರದಲ್ಲಿ ಆತಂಕ, ಒತ್ತಡ ಇಳಿಯಿತು. ಸಣ್ಣ ಅಧ್ಯಯನ, ಮಾತ್ರೆ ನುಂಗದವರ ಗುಂಪನ್ನು ಚೀಟಿ ಎತ್ತಿ ಆರಿಸಿದ್ದಲ್ಲ, ಆದ್ದರಿಂದ ಕುಣಿಯಬೇಕಾಗಿಲ್ಲ. ಅಮ್ಮ ರಾಗಿ ಗಂಜಿ ಅಂದಿದ್ದಳು.

ಹೆಚ್ಚು ಪುರಾವೆ ಇರುವ ದುರಸ್ತಿ ಮಾತಿನದು. ಕಕ್ಕಿಸುವ ಮಾತಲ್ಲ, ತರಬೇತಾದವರ ಎದುರು ಅದೇ ಕಥೆಯನ್ನು ವಾರ ವಾರ, ಭದ್ರವಾದ ಕೋಣೆಯಲ್ಲಿ, ತಾರೀಖು ಬೀಳುವವರೆಗೆ ಹೇಳುವುದು. ಎಡ್ನಾ ಫೋವಾ ರೂಪಿಸಿದ ಪದ್ಧತಿಯಲ್ಲಿ ಸಾಮಾನ್ಯವಾಗಿ 8ರಿಂದ 15 ಭೇಟಿ. ಜೊತೆಗೆ ದೂರ ಇಟ್ಟದ್ದನ್ನು ಸ್ವಲ್ಪ ಸ್ವಲ್ಪವೇ ಹತ್ತಿರ ತರಬೇಕು. ಡಾಕ್ಟರು ಕಳಿಸಿದ ಆಪ್ತಸಮಾಲೋಚಕಿಗೆ ಇಂಗು ಎಂದರೇನೆಂದು ವಿವರಿಸುವುದರಲ್ಲೇ ಒಂದು ಭೇಟಿ ಹೋಯಿತು. ಮುಂದಿನ ಸಲ ಡಬ್ಬಿ ಒಯ್ದೆ. ಮುಚ್ಚಳ ತೆಗೆದು, ಎಷ್ಟು ತಳಮಳ, ನೂರಕ್ಕೆ ಅಂಕ ಕೊಡಿ ಎಂದರು. ಎಂಬತ್ತು ಅಂದೆ. ಅವರೂ ಮೂಸಿದರು. ತನ್ನದು ತೊಂಬತ್ತು ಅಂದರು. ಫೆಬ್ರವರಿಯ ನಂತರ ನಾನು ಹೊಟ್ಟೆ ಹಿಡಿದು ನಕ್ಕಿದ್ದು ಅದೇ ಮೊದಲು. ದಿನಕ್ಕೊಮ್ಮೆ ಮುಚ್ಚಳ ತೆಗೆಯುವುದು ಮನೆಪಾಠ: ಎಪ್ಪತ್ತು, ಅರವತ್ತೈದು, ಒಂದು ಸಂಜೆ ಸಣ್ಣ ಕಂಪನ ಬಂದು ಮತ್ತೆ ಎಂಬತ್ತು, ಆಮೇಲೆ ನಲವತ್ತು.

ಎಚ್ಚರಿಕೆ

ಈ ಪುಟದಲ್ಲಿ ತಮಾಷೆ ಇಲ್ಲ. 2019ರ ಮಾರ್ಚ್ 15, ಶುಕ್ರವಾರ, ಅದೇ ಊರಿನ ಅಲ್ ನೂರ್ ಮತ್ತು ಲಿನ್‌ವುಡ್ ಮಸೀದಿಗಳಲ್ಲಿ ಒಬ್ಬ ಬಂದೂಕುಧಾರಿ 51 ಜನರನ್ನು ಕೊಂದ. ಗುಂಡು ತಾಗಿದವರನ್ನು ಎಸಿಸಿ ನೋಡಿಕೊಂಡಿತು. ಪಕ್ಕದವನ ಕೆಳಗೆ ಮಲಗಿ, ಮೈಗೆ ಗೀರೂ ಆಗದೆ ಎದ್ದು ಬಂದವರು ವಾರಂಟಿಯ ಸಣ್ಣಕ್ಷರದಲ್ಲಿ ಸಿಕ್ಕಿಕೊಂಡರು. ಕಾನೂನು ಸಡಿಲಿಸಿ ಎಂಬ ಕೂಗೆದ್ದಿತು; ಸಡಿಲಿಸಲಿಲ್ಲ. ಉಚಿತ ಸಮಾಲೋಚನೆ ಬೇರೆ ದಾರಿಗಳಲ್ಲಿ ಬಂತು. 1737ಕ್ಕೆ ಫೋನ್ ಮಾಡಿದರೆ ಈಗಲೂ ಹಗಲೂ ರಾತ್ರಿ ಒಬ್ಬರು ಸಿಗುತ್ತಾರೆ.

ರಫ್ತಾದ ಯಂತ್ರ

ಅಮ್ಮ 2011ರ ಮಾರ್ಚ್‌ನಲ್ಲೇ ಊರಿಗೆ ಹೋಗಿದ್ದಳು. ಅರಸೀಕೆರೆ ಜಂಕ್ಷನ್ನಿಗೆ ನಮ್ಮ ಮನೆ ಕೂಗಳತೆ. ಐವತ್ತು ವರ್ಷ ಗೂಡ್ಸ್ ಗಾಡಿಗೆ ಅಡುಗೆಮನೆಯ ಲೋಟಗಳೆಲ್ಲ ಕಣಕಣ ಅಂದರೂ ಮಗ್ಗುಲು ಬದಲಿಸದೆ ಮಲಗಿದವಳು, ಈಗ ಗೂಡ್ಸ್ ಬಂದರೆ ಎದ್ದು ಅಂಗಳಕ್ಕೆ ಓಡತೊಡಗಿದಳಂತೆ. ಹಾಸನದಲ್ಲಿ ತೋರಿಸು, 1985ರ ಹೊತ್ತಿಗೇ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಶುರು ಮಾಡಿ ದೇಶಕ್ಕೆಲ್ಲ ಹಬ್ಬಿದ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ ಎಂದೆ. “ನಂಗೇನು ಹುಚ್ಚಾ?” ಅಂದಳು. ಹಾಗಲ್ಲಮ್ಮ ಎಂದು ಶುರು ಮಾಡಿದರೆ ಫೋನನ್ನು ತಂಗಿಯ ಕೈಗೆ ಕೊಟ್ಟಳು.

ಅವಳದೇ ಒಂದು ದುರಸ್ತಿ ಹುಡುಕಿಕೊಂಡಳು. ಈಗಲೂ ಪ್ರತಿ ಫೆಬ್ರವರಿ 22ಕ್ಕೆ ಸರಿಯಾಗಿ ನಮ್ಮ 12:51ಕ್ಕೆ ಫೋನ್ ಮಾಡುತ್ತಾಳೆ. ಅಲ್ಲಿ ಬೆಳಗಿನ 5:21, ಇನ್ನೂ ಕತ್ತಲೆ. ಹೋದ ಸಲ ಮಾತಿನ ನಡುವೆ ಹಿಂದೆ ಗುಡುಗುಡು ಕೇಳಿಸಿತು, ನನ್ನ ಅಂಗೈ ಬೆವರಿತು.

“ತಡಿ,” ಅಂದಳು. “ಎಣಿಸ್ತೀನಿ. ಭೂಕಂಪಕ್ಕೆ ಡಬ್ಬಿ ಇರಲ್ಲ.”

ನಾನು ಫೋನ್ ಹಿಡಿದು ನಿಂತೆ. ಅವಳು ಮೆಲ್ಲಗೆ, ಜಪ ಮಾಡುವವಳ ಹಾಗೆ ಎಣಿಸುತ್ತ ಹೋದಳು.

“ಐವತ್ತಾರು, ಐವತ್ತೇಳು, ಐವತ್ತೆಂಟು, ಗಾರ್ಡ್ ಡಬ್ಬಿ. ಹಾಂ, ಈಗ ಹೇಳು. ಸಾರಿಗೆ ಇಂಗು ಹಾಕಿದ್ಯಾ?”