ಬೀಗದ ರಾಯರು

ಯಾವ ಊರಿನ ಯಾವ ಬಡಾವಣೆಯನ್ನು ಹೊಕ್ಕು ನೋಡಿದರೂ, ಸರ್ಕಾರವು ನೇಮಿಸದ, ವೇತನವನ್ನು ಕೇಳದ, ರಜೆಯನ್ನೂ ಬಯಸದ ಒಬ್ಬ ರಕ್ಷಣಾಧಿಕಾರಿ ಅಲ್ಲಿ ವಿರಾಜಮಾನರಾಗಿರುವುದನ್ನು ಕಾಣಬಹುದು. ಮೈಸೂರಿನ ಸರಸ್ವತೀಪುರದಲ್ಲಿ ನಮ್ಮ ಅಡ್ಡರಸ್ತೆಯ ಪಾಲಿಗೆ ಬಂದ ಮಹನೀಯರನ್ನು ಅವರ ನಿಜನಾಮದಿಂದ ಕರೆಯುವವನು ಈಗ ಅಂಚೆಯವನೊಬ್ಬನೇ. ಮಿಕ್ಕವರಿಗೆಲ್ಲ ಅವರು ಬೀಗದ ರಾಯರು. ಆಯುಷ್ಯದ ಬಹುಭಾಗವನ್ನು ಖಜಾನೆ ಇಲಾಖೆಯಲ್ಲಿ ಅರಗು, ಮೊಹರು, ಜೋಡಿ ಬೀಗಗಳ ಸಾನ್ನಿಧ್ಯದಲ್ಲಿ ಕಳೆದು ನಿವೃತ್ತರಾದ ಅವರಿಗೆ, ಕಾಯುವುದಕ್ಕೊಂದು ಖಜಾನೆಯಿಲ್ಲದ ಬದುಕು ಶೂನ್ಯವೆನಿಸಿರಬೇಕು. ಆದಕಾರಣ ನಮ್ಮ ಬಡ ಬೀರುಗಳನ್ನೇ ಖಜಾನೆಯೆಂದು ಭಾವಿಸಿ, ನಾವು ಕೇಳಿಕೊಳ್ಳುವ ಮೊದಲೇ ಅವುಗಳ ಯೋಗಕ್ಷೇಮವನ್ನು ವಹಿಸಿಕೊಂಡಿದ್ದಾರೆ.

ಬೆಳಗಿನ ಪತ್ರಿಕೆ ಬಂದೊಡನೆ ಲೋಕವೆಲ್ಲ ಮೊದಲ ಪುಟವನ್ನು ಓದಿದರೆ ರಾಯರು ನೇರವಾಗಿ ಒಳಪುಟದ ಅಪರಾಧ ವಾರ್ತೆಗಳಿಗೆ ಇಳಿಯುತ್ತಾರೆ. ಮಂತ್ರಿಮಂಡಲವೇ ಉರುಳಿದರೂ ಅಲುಗದ ಅವರ ಕೆಂಪು ಪೆನ್ಸಿಲು, ಕುವೆಂಪುನಗರದಲ್ಲಿ ಯಾರದೋ ಹಿಂಬಾಗಿಲ ಚಿಲಕವನ್ನು ಮೀಟಿದರೆಂಬ ಸುದ್ದಿಗೆ ಎರಡೆರಡು ಗೆರೆ ಎಳೆಯುತ್ತದೆ. ಪತ್ರಿಕೆಯಲ್ಲಿ ನಲವತ್ತು ಗ್ರಾಂ ಇದ್ದ ಸರವು ರಾಯರ ಬಾಯಲ್ಲಿ ಹಾಲಿನ ಬೂತಿನ ಬಳಿ ಅರವತ್ತಾಗಿ, ಕ್ಷೌರದಂಗಡಿಯ ಬೆಂಚಿನ ಮೇಲೆ ನೂರಾಗಿ, ಸಂಜೆ ಪಾರ್ಕಿನ ಕಟ್ಟೆಯನ್ನು ಮುಟ್ಟುವ ವೇಳೆಗೆ ಒಂದು ಜೊತೆ ವಜ್ರದ ಓಲೆಯನ್ನೂ ಸಂಪಾದಿಸಿಕೊಂಡಿರುತ್ತದೆ. ಕದ್ದವನೇನಾದರೂ ಅಲ್ಲಿ ಕುಳಿತು ಕೇಳಿದನಾದರೆ, ಜೊತೆಗಾರನು ತನಗೆ ಪಾಲಿನಲ್ಲಿ ಮೋಸಮಾಡಿದನೆಂದು ತಾನೇ ಹೋಗಿ ಠಾಣೆಯಲ್ಲಿ ದೂರು ಕೊಟ್ಟಾನು. ‘ಹಗಲು ಕನ್ನ ಕಳವು’, ‘ರಾತ್ರಿ ಕನ್ನ ಕಳವು’ ಎಂಬ ಪೊಲೀಸರ ಒಣ ಪರಿಭಾಷೆಯನ್ನು ಸಹ ರಾಯರು, ಸಂಗೀತಗಾರರು ಇಂಥ ಹೊತ್ತಿಗೆ ಇಂಥ ರಾಗವೆಂದು ಹೇಳುವ ಗಾಂಭೀರ್ಯದಿಂದ ಉಚ್ಚರಿಸುತ್ತಾರೆ.

1860ರ ದಂಡಸಂಹಿತೆಯ 380, 454, 457ನೆಯ ಕಲಮುಗಳು ಅವರಿಗೆ ಕಂಠಸ್ಥವಾಗಿದ್ದವು. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆಯು ಜಾರಿಗೆ ಬಂದು, ವಾಸದ ಮನೆಯ ಕಳವು 305ಕ್ಕೂ ಕನ್ನವು 331ಕ್ಕೂ ವರ್ಗವಾದಾಗ, ಅವರು ಪಟ್ಟ ಸಂಕಟವನ್ನು ಕಣ್ಣಾರೆ ಕಂಡವರಾರೂ ಕಾನೂನಿನ ಸುಧಾರಣೆಯನ್ನು ಬಯಸಲಾರರು. ಕಳವಿಗಾಗಿ ಸೂರ್ಯಾಸ್ತದ ಮೇಲೆ, ಸೂರ್ಯೋದಯಕ್ಕೆ ಮುನ್ನ ಕನ್ನವಿಕ್ಕಿದವನಿಗೆ 14 ವರ್ಷಗಳವರೆಗೂ ಸೆರೆ, ಹಗಲಿನಲ್ಲಾದರೆ 10 ಎಂಬ ಹಳೆಯ ತಾರತಮ್ಯವು ಹೊಸ ಗ್ರಂಥದಲ್ಲಿಯೂ ಉಳಿದಿದೆಯೆಂದು ತಿಳಿದ ಮೇಲೆಯೇ ಅವರಿಗೆ ಅನ್ನ ಸೇರಿದ್ದು. ಅದೇ ದಿನಗಳಲ್ಲಿ ಯಾರದೋ ಕಾಂಪೌಂಡಿನ ಶ್ರೀಗಂಧದ ಮರವನ್ನು ರಾತ್ರೋರಾತ್ರಿ ಕೊಯ್ದೊಯ್ದ ವಾರ್ತೆ ಬರಲು, ನೆಲಕ್ಕೆ ಅಂಟಿರುವವರೆಗೂ ಯಾವ ಮರಗಿಡವೂ ಕಳವಿನ ವಸ್ತುವಾಗಲಾರದೆಂದೂ, ನೆಲದ ಸಂಬಂಧ ಕಡಿದ ಆ ಕ್ಷಣದಿಂದಲೇ ಆಗುವುದೆಂದೂ, ಈ ಸೂಕ್ಷ್ಮವನ್ನು ಹಳೆಯ ಕಾನೂನಿನಿಂದ ಹೊಸದಕ್ಕೆ ಲೋಪವಿಲ್ಲದಂತೆ ಇಳಿಸಿದ್ದಾರೆಂದೂ ಪಾರ್ಕಿನಲ್ಲಿ ಒಂದು ಸಂಜೆಯೆಲ್ಲ ವ್ಯಾಖ್ಯಾನ ಮಾಡಿದರು. ಮೂಲೆಮನೆಯ ನಿವೃತ್ತ ಉಪಾಧ್ಯಾಯಿನಿ ಅದನ್ನು ಬಹಳ ಶ್ರದ್ಧೆಯಿಂದ ಆಲಿಸಿದರು.

ರಾಯರು ಮನೆಯ ತಪಾಸಣೆಗೆ ಬರುವ ದಿನ ಗೃಹಸ್ಥನು ಕೊಂಚ ಧೈರ್ಯ ತಂದುಕೊಂಡಿರಬೇಕು. ನಮ್ಮ ಬಾಗಿಲಿಗೆ ಏಳು ಲಿವರಿನ ದುಬಾರಿ ಬೀಗವೊಂದನ್ನು ತಂದು ಹಾಕಿ ನಾನು ಬೀಗುತ್ತಿದ್ದ ಕಾಲದಲ್ಲಿ ಅವರು ಬಂದರು; ಬೀಗವನ್ನು ಮುಟ್ಟಲೂ ಇಲ್ಲ. ಜೇಬಿನಿಂದ ಗಿಡ್ಡ ಸ್ಕ್ರೂಡ್ರೈವರೊಂದನ್ನು ತೆಗೆದು, ಕೊಂಡಿಯ ನಾಲ್ಕು ಸ್ಕ್ರೂಗಳನ್ನು ಒಂದಾದ ಮೇಲೊಂದರಂತೆ ಬಿಚ್ಚಿ, ಕೊಂಡಿಯ ಸಮೇತ ಕಳಚಿ ಬಂದ ಬೀಗವನ್ನು, ಅದು ಹಾಕಿದ ಸ್ಥಿತಿಯಲ್ಲಿ ಇರುವಂತೆಯೇ, ನನ್ನ ಹೆಂಡತಿಯ ಕೈಗಿತ್ತು, “ತಗೊಳ್ಳಿ ತಾಯಿ, ನಿಮ್ಮ ಬೀಗ ಭದ್ರವಾಗಿದೆ” ಎಂದರು. ಸ್ಕ್ರೂಗಳು ಹಳೆಯ ತೂತುಗಳಲ್ಲಿ ಮತ್ತೆ ಬಿಗಿಯಾಗಿ ಕೂಡಲೊಲ್ಲದೆ ಬಡಗಿಯನ್ನು ಕರೆಸಬೇಕಾಯಿತೆಂಬುದು ಬೇರೆ ಮಾತು. ಆದರೆ ಅವರ ಉಪದೇಶವು ಯಥಾರ್ಥವಾಗಿತ್ತೆಂಬುದನ್ನು ನಾನು ಮರೆಮಾಚಲಾರೆ: ಅಲೀಗಢದ್ದಾಗಲಿ, 1897ರಲ್ಲಿ ಬೀಗದಿಂದಲೇ ವ್ಯಾಪಾರವನ್ನಾರಂಭಿಸಿದ ಗೋದ್ರೇಜಿನವರದಾಗಲಿ, ಬೀಗದ ಸತ್ತ್ವವು ಕೊಂಡಿಯ ಸತ್ತ್ವವನ್ನು ಮೀರಲಾರದು, ಕಳ್ಳನು ಕಬ್ಬಿಣದ ರಾಡನ್ನು ತೂರಿಸುವುದು ಮರ ಮೆತ್ತಗಿರುವ ಕಡೆಯಲ್ಲಿಯೇ. “ಸ್ವಾಮೀ, ಹೊರಗೆ ನೇತಾಡೋ ಬೀಗ ಅಂದ್ರೆ ಒಳಗೆ ಯಾರೂ ಇಲ್ಲ ಅಂತ ಬರೆದ ಬೋರ್ಡು ಕಣ್ರೀ. ಬಾಗಿಲೊಳಗೇ ಅಡಗೋ ಬೀಗ ಹಾಕಿಸಿ. ಊರಿಗೆ ಹೋಗೋವಾಗ ಹಾಲು, ಪೇಪರು ನಿಲ್ಲಿಸಿ. ಠಾಣೆಗೆ ಒಂದು ಮಾತು ತಿಳಿಸಿದ್ರೆ ಗಸ್ತಿನವರು ಬಂದು ನೋಡ್ತಾರೆ. ಪಕ್ಕದ ಮನೆಯವರ ಕೈಲಿ ದಿನಾ ಒಂದೆಳೆ ರಂಗೋಲಿ ಹಾಕ್ಸಿ. ತುಳಸಿ ಕಟ್ಟೆ ಹಿಂದೆ ಕೀಲಿ ಇಡೋದಂತೂ, ಕಳ್ಳನಿಗೆ ಕುಂಕುಮ ಕೊಟ್ಟು ಕರೆದ ಹಾಗೆ.” ಒಡವೆಯೆಲ್ಲ ಬ್ಯಾಂಕಿನ ಲಾಕರಿನಲ್ಲಿದೆಯೆಂದು ಹೇಳಿ ಪಾರಾಗಲೆತ್ನಿಸಿದರೆ, ಬ್ಯಾಂಕಿನವರ ತಪ್ಪಿನಿಂದಲೇ ಅದು ಕಳವಾದರೂ ಅವರ ಹೊಣೆ ಲಾಕರಿನ ವಾರ್ಷಿಕ ಬಾಡಿಗೆಯ 100 ಪಟ್ಟಿಗೆ ಸೀಮಿತವೆಂದು ತಿಳಿಸಿ, ಉಳಿದಿದ್ದ ನಿದ್ರೆಯನ್ನೂ ಅಪಹರಿಸಿಕೊಂಡು ಹೋದರು.

ಇಷ್ಟೊಂದು ಜ್ಞಾನವುಳ್ಳವರಿಗೆ ಕಂಠವೊಂದನ್ನು ಮಾತ್ರ ವಿಧಿಯು ತುಸು ಉದಾರವಾಗಿ ಕೊಟ್ಟುಬಿಟ್ಟಿತು. ಮದುವೆಗೆಂದು ಶಿವಮೊಗ್ಗಕ್ಕೆ ಹೊರಟ ಎದುರುಮನೆಯವರ ಆಟೋವನ್ನು ನಡುಬೀದಿಯಲ್ಲಿ ನಿಲ್ಲಿಸಿ, “ಭಾನುವಾರ ರಾತ್ರಿವರೆಗೂ ಮನೇಲಿ ಯಾರೂ ಇರೋಲ್ಲ ತಾನೆ? ನೀವು ನಿಶ್ಚಿಂತೆಯಾಗಿ ಹೋಗಿಬನ್ನಿ, ನಾನು ಎಲ್ಲರಿಗೂ ಹೇಳಿಟ್ಟಿರ್ತೀನಿ! ಕೀಲೀನ ಮತ್ತೆ ಮೀಟರ್ ಪೆಟ್ಟಿಗೇಲೇ ಇಟ್ರಾ? ಬೇಡ ಅಂದಿದ್ದೆನಲ್ಲಾ!” ಎಂದು ಅವರು ಕೂಗಿದ್ದು ಮೂರು ಅಡ್ಡರಸ್ತೆಗಳಿಗೆ ಕೇಳಿಸಿತು. ಶೂದ್ರಕನ ‘ಮೃಚ್ಛಕಟಿಕ’ದಲ್ಲಿ ಶರ್ವಿಲಕನು ಗೋಡೆಯ ಕನ್ನವನ್ನು ಕಮಲದಾಕಾರದಲ್ಲಿ ಕೊರೆಯಲೋ ಪೂರ್ಣಕುಂಭದಾಕಾರದಲ್ಲಿ ಕೊರೆಯಲೋ ಎಂದು ಯೋಚಿಸಿ, ಜನಿವಾರದಿಂದಲೇ ಅಳತೆ ಹಿಡಿದು, ಅಷ್ಟೆಲ್ಲ ಕಲಾಕೌಶಲವನ್ನು ಮೆರೆದು ಒಳಹೊಕ್ಕರೆ, ಒಡವೆಯ ಗಂಟನ್ನು ನಿದ್ದೆಗಣ್ಣಿನಲ್ಲಿ ತಾನಾಗಿ ಅವನ ಕೈಗಿಡುವವನು, ಅದನ್ನು ಕಾಯುತ್ತಿದ್ದ ಮೈತ್ರೇಯನೇ. ರಾಯರು ಈ ನಾಟಕವನ್ನು ಪದೇಪದೇ ಉದಾಹರಿಸಿ ಈ ಕಾಲದ ಕಳ್ಳರ ಅರಸಿಕತೆಯನ್ನು ಖಂಡಿಸುವುದುಂಟು. ಮೈತ್ರೇಯನ ಪ್ರಸಂಗಕ್ಕೆ ಬರುವಷ್ಟರಲ್ಲಿ ಅವರಿಗೆ ಹೊತ್ತಾಗಿಬಿಡುತ್ತದೆ.

ರಾಯರ ಸ್ವಂತ ಗಸ್ತು ಬ್ರಾಹ್ಮೀ ಮುಹೂರ್ತದಲ್ಲಿ. ತಲೆಗೆ ಮಫ್ಲರು, ಕೈಯಲ್ಲಿ ಟಾರ್ಚು, ಕಳ್ಳರಿಗೂ ನಾಯಿಗಳಿಗೂ ಮೀಸಲಾದ ಒಂದು ಉದ್ದನೆಯ ಕೋಲು. ಆ ಕೋಲಿನ ತುದಿಗೆ ಕಬ್ಬಿಣದ ಕೊಕ್ಕೆಯೇಕೆಂದೂ, ಕಂಕುಳಲ್ಲೊಂದು ಬಟ್ಟೆಯ ಚೀಲವೇಕೆಂದೂ ಕೇಳುವ ಅವಿವೇಕಿಗಳು ನಮ್ಮ ಬೀದಿಯಲ್ಲಿಲ್ಲ. ಕಡೆಗೆ ಮೂಲೆಮನೆಯ ಉಪಾಧ್ಯಾಯಿನಿಯೇ ಒಂದು ದಿನ ಬಂದು ನಿಂತರು. “ರಾಯರೇ, ದಾಸವಾಳ, ನಂದಿಬಟ್ಟಲು ಒಂದೂ ಉಳಿಯೋಲ್ಲ. ನಮ್ಮನೆ ದೇವರಿಗೆ ಮೊಗ್ಗೇ ಗತಿಯಾಗಿದೆ.”

“ಸೂರ್ಯೋದಯಕ್ಕೆ ಮುಂಚೆಯೋ, ಆಮೇಲೋ?” ಎಂದರು ರಾಯರು, ಅಭ್ಯಾಸಬಲದಿಂದ.

“ಮುಂಚೆ. ಗಿಡದಿಂದ ಬೇರೆಯಾದ ಕ್ಷಣದಿಂದಲೇ ಕಳವು ಅಂತ ತಾವೇ ಅಪ್ಪಣೆ ಕೊಡಿಸಿದ್ರಿ.”

ರಾಯರು ಕನ್ನಡಕವನ್ನು ತೆಗೆದು, ಪಂಚೆಯ ಅಂಚಿನಿಂದ ಒರಸಿ, ಮತ್ತೆ ಧರಿಸಿದರು. “ಅದಕ್ಕೆ ಅಪ್ರಾಮಾಣಿಕ ಉದ್ದೇಶ ಅಂತ ಒಂದು ಇರಬೇಕಮ್ಮಾ. ಹೂವು ದೇವರ ತಲೆ ಮೇಲೆ ಹೋಗಿದ್ರೆ ಉದ್ದೇಶ ಸಾಬೀತು ಮಾಡೋದು ಬಹಳ ಕಷ್ಟ.”

ಉಪಾಧ್ಯಾಯಿನಿಯವರು ವಾದಿಸಲಿಲ್ಲ, ಮರುವಾರವೇ ಕ್ಯಾಮೆರಾ ಹಾಕಿಸಲು ಹುಡುಗನೊಬ್ಬನನ್ನು ಕರೆಸಿದರು. ಏಣಿಯನ್ನು ಹಿಡಿದುಕೊಳ್ಳಲು ರಾಯರು ತಾವಾಗಿಯೇ ಬಂದು, ಕತ್ತೆತ್ತಿ ನಿಂತು ನಿರ್ದೇಶನವನ್ನಾರಂಭಿಸಿದರು: “ಇನ್ನೂ ಬಲಕ್ಕೆ ತಿರುಗಿಸಪ್ಪಾ, ಬಾಗಿಲ ಕಡೆಗೆ. ಹಾಂ, ಇನ್ನೂ ಸ್ವಲ್ಪ. ಗಿಡಗಳು ಕಾಣಿಸದಿದ್ರೆ ಏನೂ ಬಾಧಕವಿಲ್ಲ. ಗಿಡ ಯಾರು ಕದೀತಾರೆ?”