ಮಾರ್ಚ್ 31ರ ಸುಗ್ಗಿ

ಬೆಂಗಳೂರಿನ ಸುತ್ತ ಹೊಸ ಜಾತಿಯ ರೈತನೊಬ್ಬ ಹುಟ್ಟಿಕೊಂಡಿದ್ದಾನೆ. ಶನಿವಾರ ಬೆಳಿಗ್ಗೆ ಹೊರಡುತ್ತಾನೆ, ಭಾನುವಾರ ಟ್ರಾಫಿಕ್ ಶುರುವಾಗುವ ಮೊದಲೇ ವಾಪಸ್ಸು. ಕನಕಪುರ ರಸ್ತೆಯಲ್ಲೋ ದೊಡ್ಡಬಳ್ಳಾಪುರದ ಆಚೆಯೋ ಎರಡೆಕರೆ. ತಂತಿಬೇಲಿ, ಕಬ್ಬಿಣದ ಗೇಟು, ಗೇಟಿನ ಮೇಲೆ ಮಗಳ ಹೆಸರು. ಒಳಗೆ ಶೆಡ್ಡು. ಶೆಡ್ಡಿನಲ್ಲಿ ಪವರ್ ಟಿಲ್ಲರ್, ಕಳೆ ಕೊಚ್ಚುವ ಯಂತ್ರ, ಔಷಧಿ ಹೊಡೆಯುವ ಪಂಪು. ಟಿಲ್ಲರಿನ ಹಿಡಿಕೆಗೆ ಸುತ್ತಿದ ಪ್ಲಾಸ್ಟಿಕ್ ಇನ್ನೂ ಬಿಚ್ಚಿಲ್ಲ.

ಅದನ್ನು ಓಡಿಸುವವನು ಪಕ್ಕದೂರಿನ ಆಳು. ಫೋಟೋದಲ್ಲಿ ಮಾತ್ರ ಯಜಮಾನರೇ ಓಡಿಸುತ್ತಾರೆ.

ದುಡ್ಡಿದ್ದವರ ಶೋಕಿ, ಇರಲಿ ಬಿಡಿ. ನನ್ನ ತಕರಾರು ಬಿಲ್ಲಿನದು.

ಕಾನೂನಿನ ಪ್ರಕಾರ ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಸಂವಿಧಾನ ಅದನ್ನು ರಾಜ್ಯಗಳ ಪಟ್ಟಿಗೆ ಹಾಕಿದೆ. ರಾಜ್ಯಗಳಿಗೆ ಅದನ್ನು ಮುಟ್ಟಲು ಭಯ. ತೆರಿಗೆಯೇ ಇಲ್ಲದ ಮೇಲೆ ಖರ್ಚಿನ ಕಡಿತವೂ ಇಲ್ಲ. ಹೊಲಕ್ಕೆ ಕೊಂಡ ಟಿಲ್ಲರಿನ ಸವಕಳಿಯನ್ನು ಸಂಬಳದಿಂದ ಕಳೆಯುವಂತಿಲ್ಲ, ವ್ಯಾಪಾರದ ಲಾಭದಿಂದಲೂ ಕಳೆಯುವಂತಿಲ್ಲ. ಓದುವುದಕ್ಕೆ ಎಷ್ಟು ಚೆಂದ!

ಆದರೆ ಸ್ವಂತ ಕಂಪನಿ ಇಟ್ಟುಕೊಂಡವನಿಗೆ? ಬಿಲ್ಲು ಕಂಪನಿಯ ಹೆಸರಿಗೆ. ಟಿಲ್ಲರು ಲೆಕ್ಕದಲ್ಲಿ ಯಂತ್ರೋಪಕರಣ. ಹುಲ್ಲು ಕತ್ತರಿಸುವ ಯಂತ್ರ ಕಚೇರಿ ಆವರಣದ ನಿರ್ವಹಣೆಗೆ. ಕಚೇರಿ ಇರುವುದು ಮೂರನೇ ಮಹಡಿಯಲ್ಲಿ. ಅಲ್ಲಿ ಹುಲ್ಲು ಎಲ್ಲಿ ಬೆಳೆಯುತ್ತದೆ ಅಂತ ಕೇಳಬೇಡಿ, ಕೇಳಬೇಕಾದವರೇ ಕೇಳಿಲ್ಲ. ವರ್ಷಕ್ಕೆ ಶೇ 15 ಸವಕಳಿ. ತೋಟಕ್ಕೆ ಹೋಗಿ ಬರುವ ಎಸ್‌ಯುವಿಗೂ ಅಷ್ಟೇ.

ಇದರಲ್ಲೊಂದು ಮಜಾ ಇದೆ. ಕೊಂಡ ವರ್ಷ ಯಂತ್ರ 180 ದಿನಕ್ಕಿಂತ ಕಡಿಮೆ ಬಳಕೆಯಲ್ಲಿದ್ದರೆ ಸವಕಳಿ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಅಕ್ಟೋಬರ್ ಹುಟ್ಟುವ ಹೊತ್ತಿಗೆ ಕೊಂಡಿರಬೇಕು. ತಪ್ಪಿತೋ, ಮಾರ್ಚ್ 31ರೊಳಗೆ; ಅರ್ಧವಾದರೂ ದಕ್ಕಲಿ. ಹಳ್ಳಿಯವನು ರೋಹಿಣಿ, ಮೃಗಶಿರ, ಆರಿದ್ರಾ ಎಂದು ಆಕಾಶ ನೋಡುತ್ತಾನೆ. ಇವರ ಮಳೆ ನಕ್ಷತ್ರ ಹೇಳುವವನು ಸಿಎ. ಉಳುಮೆಗೆ ಮುಹೂರ್ತವಿಲ್ಲ, ಬಿಲ್ಲಿಗೆ ಇದೆ.

ಇನ್ನು ಬೆಳೆ. ತೋಟದಲ್ಲಿ ಮಾವಿನ ಸಸಿ ಮೊಣಕಾಲೆತ್ತರ, ದಾಳಿಂಬೆ ಇನ್ನೂ ಹೂ ಬಿಟ್ಟಿಲ್ಲ. ರಿಟರ್ನ್ಸಿನಲ್ಲಿ ಮಾತ್ರ ಫಸಲು ಕೊಯ್ದು, ಮಾರಿ, ದುಡ್ಡು ಎಣಿಸಿ ಆಗಿದೆ. ಪೇಟೆಯಲ್ಲಿ ಎಲ್ಲಿಂದಲೋ ಬಂದ ಹಣ ಹೊಲಕ್ಕೆ ಇಳಿಯುತ್ತದೆ, ಟೊಮೆಟೊ ಆಗಿ ಮೇಲೇಳುತ್ತದೆ. ಕೋಲಾರದವನು ರೇಟು ಬಿದ್ದು ಟೊಮೆಟೊವನ್ನು ರಸ್ತೆಗೆ ಸುರಿದ ವರ್ಷವೂ ಇವರ ಟೊಮೆಟೊಗೆ ಒಳ್ಳೆ ರೇಟು. ಸಿಎಜಿ 2019ರಲ್ಲೇ ಈ ಕಡತಗಳನ್ನು ತೆಗೆದು ನೋಡಿತು. ಪರೀಕ್ಷಿಸಿದ ಪ್ರಕರಣಗಳ ಪೈಕಿ ಶೇ 22.5ರಷ್ಟರಲ್ಲಿ ದಾಖಲೆಯನ್ನು ಸರಿಯಾಗಿ ನೋಡದೆಯೇ ವಿನಾಯಿತಿ ಕೊಟ್ಟಿದ್ದರು. ಪಹಣಿಯಲ್ಲಿ ಒಂದಕ್ಷರ ತಪ್ಪಿದ್ದರೆ ರೈತನನ್ನು ತಾಲ್ಲೂಕು ಕಚೇರಿಗೆ ತಿಂಗಳುಗಟ್ಟಲೆ ಅಲೆಸುವ ದೇಶ ಇದು.

ಅಮೆರಿಕದ ವೀಕೆಂಡ್ ರೈತನದು ಉಲ್ಟಾ ಕಥೆ. ಅಲ್ಲಿ ಕೃಷಿ ಲಾಭಕ್ಕೆ ತೆರಿಗೆ ಇದೆ. ನಿಜವಾಗಿ ವ್ಯವಸಾಯ ಮಾಡುವವನು ಅದರ ನಷ್ಟವನ್ನು ನೌಕರಿಯ ಆದಾಯದಿಂದ ಕಳೆಯಬಹುದು. ಟ್ರ್ಯಾಕ್ಟರಿನ ಪೂರ್ತಿ ಬೆಲೆಯನ್ನು ಕೊಂಡ ವರ್ಷವೇ ಖರ್ಚಿಗೆ ಹಾಕುವ ದಾರಿಯೂ ಉಂಟು. ಹಾಗಾಗಿ ಅಲ್ಲಿನ ಶನಿವಾರದ ರೈತನಿಗೆ ವರ್ಷವರ್ಷವೂ ನಷ್ಟ. ಇಲ್ಲಿನವನಿಗೆ ವರ್ಷವರ್ಷವೂ ಲಾಭ. ಮಣ್ಣಿನ ಗುಣವಲ್ಲ, ತೆರಿಗೆ ಕಾನೂನಿನ ಗುಣ.

ಒಂದು ವ್ಯತ್ಯಾಸ ಇದೆ. ಅಲ್ಲಿನ ಕಾನೂನು ಬಾಯಿಬಿಟ್ಟು ಕೇಳುತ್ತದೆ: ಇದು ವ್ಯವಸಾಯವೋ, ಶೋಕಿಯೋ? ಐದು ವರ್ಷದಲ್ಲಿ ಮೂರು ವರ್ಷ ಲಾಭ ತೋರಿಸಿದರೆ ವ್ಯವಸಾಯ ಎಂದು ಭಾವಿಸುತ್ತದೆ. ಕುದುರೆ ಸಾಕುವವರಿಗೆ ಏಳರಲ್ಲಿ ಎರಡು ವರ್ಷವಾದರೆ ಸಾಕು. ಕುದುರೆಗಳಿಗೆ ಅಲ್ಲೂ ವಶೀಲಿ.

ನಮ್ಮಲ್ಲೂ ಕೇಳುವ ಕಾನೂನೊಂದಿತ್ತು. ಭೂಸುಧಾರಣಾ ಕಾಯ್ದೆಯ 79ಎ, 79ಬಿ. ಕೃಷಿಯೇತರ ಆದಾಯ 25 ಲಕ್ಷ ಮೀರಿದವನು ಕೃಷಿ ಜಮೀನು ಕೊಳ್ಳುವಂತಿರಲಿಲ್ಲ. 2020ರಲ್ಲಿ ಅವನ್ನು ಕಿತ್ತುಹಾಕಿದರು. ಅದೂ ಎಂದಿನಿಂದ? 1974ರ ಮಾರ್ಚ್ 1ರಿಂದ ಪೂರ್ವಾನ್ವಯವಾಗುವಂತೆ. ಬಾಕಿ ಇದ್ದ ಕೇಸುಗಳೂ ಅದರ ಜೊತೆಗೇ ಹೋದವು. ರೈತನ ಬಡ್ಡಿ ಮನ್ನಾ ಮಾಡಲು ಹತ್ತು ಷರತ್ತು ಹಾಕುವವರು ನಲವತ್ತಾರು ವರ್ಷದ ತಪ್ಪನ್ನು ಒಂದೇ ಏಟಿಗೆ ಮನ್ನಾ ಮಾಡಿದರು.

ಬೇರೆ ಕಸುಬಿಲ್ಲದೆ ಹೊಲವನ್ನೇ ನಂಬಿದವನ ಗತಿ? ಅವನಿಗೂ ಕೃಷಿ ಆದಾಯ ತೆರಿಗೆಮುಕ್ತವೇ. ಆದಾಯ ಇದ್ದರೆ ತಾನೆ! ನಷ್ಟವಾದರೆ ಅದನ್ನು ಕಳೆಯಲು ಬೇರೆ ಆದಾಯ ಇಲ್ಲ, ಸಾಲ ಇದೆ. ಜಿಎಸ್‌ಟಿ ಬಂದಾಗಿನಿಂದ 2025ರ ಸೆಪ್ಟೆಂಬರ್‌ವರೆಗೆ ಟ್ರ್ಯಾಕ್ಟರಿಗೆ ಶೇ 12 ಕಟ್ಟಿದ. ಈಗ ಶೇ 5ಕ್ಕೆ ಇಳಿಸಿ ದೀಪಾವಳಿ ಉಡುಗೊರೆ ಅಂದರು. ಕಟ್ಟಿದ್ದನ್ನು ವಾಪಸ್ ಪಡೆಯಲು ಅವನಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲ, ಏಕೆಂದರೆ ಅವನು ಜಿಎಸ್‌ಟಿಯಲ್ಲಿ ನೋಂದಾಯಿಸಿಕೊಳ್ಳಬೇಕಿಲ್ಲ. ಅದೂ ಅವನಿಗೆ ಕೊಟ್ಟ ಸವಲತ್ತೇ ಅಂತೆ. ರಾಸಾಯನಿಕ ಕೀಟನಾಶಕಕ್ಕೆ ಇಂದಿಗೂ ಶೇ 18. ಎರಡು ಎಮ್ಮೆ ಕಟ್ಟಿ ಹಾಲು ಹಾಕಿದನೋ, ಅದು ಕಾನೂನಿನ ಕಣ್ಣಿಗೆ ಕೃಷಿ ಆದಾಯವೇ ಅಲ್ಲ. ಎಮ್ಮೆ ಮೇಯುವುದು ನೆಲದ ಮೇಲೆಯೇ, ಆದರೂ ಅಲ್ಲ. ಸಿಎ ಮೇಜಿನ ಮೇಲೆ ಬೆಳೆದ ಟೊಮೆಟೊ ಮಾತ್ರ ಅಪ್ಪಟ ಕೃಷಿ.

10 ಎಚ್‌ಪಿವರೆಗಿನ ಪಂಪಿಗೆ ಕರೆಂಟು ಉಚಿತ. ಅದು ಇಬ್ಬರಿಗೂ ಒಂದೇ. ಒಬ್ಬನ ಪಂಪು ರಾತ್ರಿ ಎರಡು ಗಂಟೆಗೆ ಕರೆಂಟು ಬಂದಾಗ ರಾಗಿಗೆ ನೀರು ಹಾಯಿಸುತ್ತದೆ. ಇನ್ನೊಬ್ಬನದು ಲಾನ್‌ಗೆ.

ಈಗ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ. 819 ಸೆಕ್ಷನ್‌ಗಳು 536ಕ್ಕೆ ಇಳಿದವು. ಭಾಷೆ ಸರಳವಾಯಿತಂತೆ. ಟೊಮೆಟೊ ಒಂದಿಂಚೂ ಅಲುಗಿಲ್ಲ.

ನಂಬದಿದ್ದರೆ ಯಾವುದಾದರೂ ಕೃಷಿ ಯಂತ್ರದ ಅಂಗಡಿಯಲ್ಲಿ ಅರ್ಧ ಗಂಟೆ ನಿಲ್ಲಿ. ಕಾರಿನಿಂದ ಇಳಿದವನನ್ನು ಅಂಗಡಿಯವನು ಕೇಳುತ್ತಾನೆ: ‘ಬಿಲ್ಲು ಕಂಪನಿ ಹೆಸರಿಗಾ ಸಾರ್? ಜಿಎಸ್‌ಟಿ ನಂಬರ್ ಹೇಳಿ.’ ಹವಾಯಿ ಚಪ್ಪಲಿಯವನಿಗೆ ಬೇರೆ ಪ್ರಶ್ನೆ: ‘ಬಿಲ್ಲು ಬೇಕೇ ಬೇಕಾ ಗೌಡ್ರೇ? ಬ್ಯಾಡ ಅಂದ್ರೆ ಒಂದಿಷ್ಟು ಕಮ್ಮಿ ಮಾಡ್ಕೊಡ್ತೀನಿ.’

ಬ್ಯಾಡ ಅನ್ನುತ್ತಾನೆ. ಆರು ತಿಂಗಳಿಗೆ ಯಂತ್ರ ಕೆಡುತ್ತದೆ. ರಿಪೇರಿಗೆ ಹೊತ್ತು ತಂದರೆ ಅದೇ ಅಂಗಡಿಯವನು ಕೈ ಚಾಚುತ್ತಾನೆ: ‘ವಾರಂಟಿಗೆ ಬಿಲ್ಲು ತೋರ್ಸಿ.’